ಹಾಳು ಹಂಪೆಯ ಕಾಲುವೆ, ದ್ರಾಕ್ಷಿ ಬಳ್ಳಿ ಮತ್ತು ನಮ್ಮ ಎರೆ ಹೊಲ

ಕಡಲೆ ರಾಶಿ ಮುಗಿದಿತ್ತು. ಬಿಳಿಜೋಳದ ಕೊಯ್ಲಿಗೆ ಇನ್ನೂ ಎಂಟು ಹತ್ತು ದಿನ ಇತ್ತು. 2025ರ ಫೆಬ್ರುವರಿ ತಿಂಗಳ ಕೊನೆಯ ವಾರ. ರೈತನಿಗೆ ವರ್ಷದಲ್ಲಿ ಸಿಗುವ ಇಂಥ ನಾಲ್ಕಾರು ಬಿಡುವಿನ ದಿನಗಳಲ್ಲಿ ಒಂದನ್ನು ನೋಡಿಕೊಂಡು, ಕುಂದಗೋಳ ತಾಲೂಕಿನ ಹದಿನೆಂಟು ಜನ ರೈತ ಬಾಂಧವರೊಂದಿಗೆ ನಾನು ಒಂದು ದಿನದ ಪ್ರವಾಸ ಹೊರಟೆ. ಬೆಳಗ್ಗೆ ಹಂಪೆ, ಮಧ್ಯಾಹ್ನದ ಮೇಲೆ ಕೊಪ್ಪಳ ಜಿಲ್ಲೆಯ ಒಂದು ದ್ರಾಕ್ಷಿ ತೋಟ ಹಾಗೂ ಅಲ್ಲಿಯ ವೈನ್ ತಯಾರಿಕಾ ಘಟಕ, ರಾತ್ರಿಗೆ ಮನೆ.

ಹಾಳು ಬಿದ್ದ ರಾಜಧಾನಿಗೂ ವೈನಿಗೂ ಏನು ಸಂಬಂಧ, ಇವೆರಡಕ್ಕೂ ನಮ್ಮ ಮೆಣಸಿನಕಾಯಿ ಹೊಲಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಹೊರಡುವಾಗ ನನಗೂ ಪೂರ್ಣ ಗೊತ್ತಿರಲಿಲ್ಲ. ತಿರುಗಿ ಬರುವಾಗ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಅರ್ಜಿ, ಒಂದು ಪ್ರಶ್ನೆ

ಪ್ರವಾಸಕ್ಕೆ ಕಾರಣನಾದವನು ನಮ್ಮ ತಾಲೂಕಿನ ಒಬ್ಬ ತರುಣ ರೈತ. ಡಿಪ್ಲೊಮಾ ಓದಿ ಊರಿಗೆ ಮರಳಿದವನು, ಕೆಲಸದಲ್ಲಿ ಚುರುಕು. ಜನವರಿಯಲ್ಲಿ ಒಂದು ದಿನ ರೈತ ಸಂಪರ್ಕ ಕೇಂದ್ರಕ್ಕೆ ಬಂದು ಒಂದು ಕಾಗದ ಮೇಜಿನ ಮೇಲಿಟ್ಟ.

“ಸಾಹೇಬ್ರ, ಕೊಪ್ಪಳದ ಕಡೆ ದ್ರಾಕ್ಷಿ ಹಚ್ಚಿ ವೈನ್ ಮಾಡ್ತಾರಂತ. ಬಾಟ್ಲಿಗೆ ಸಾವಿರಗಟ್ಟಲೆ ರೊಕ್ಕ ಐತಂತ. ನಾನೂ ಎರಡ ಎಕರೆ ಹಚ್ಚಬೇಕಂತ ಮಾಡೀನಿ. ಬ್ಯಾಂಕಿಗೆ ಅರ್ಜಿ ಬರಸೀನಿ. ನೀವೊಂದ ಮಾತ ಹೌದನ್ರಿ, ಸಾಕು.”

ಅವನ ಹಿಂದೆ ಅವನ ತಂದೆ ನಿಂತಿದ್ದರು. ಅವರು ಏನೂ ಮಾತಾಡಲಿಲ್ಲ. ಸಾಲಕ್ಕೆ ಒತ್ತೆ ಬೀಳುವುದು ಅವರ ಹೆಸರಿನಲ್ಲಿದ್ದ ಹೊಲ.

‘ಹೌದು’ ಎನ್ನುವುದು ಸುಲಭ. ಆದರೆ ಆ ಒಂದು ಮಾತನ್ನು ನಾನು ಹಿಂದೊಮ್ಮೆ ಆಡಿ ಪೆಟ್ಟು ತಿಂದವನು. ಸರಿಯಾಗಿ ಹೇಳಬೇಕೆಂದರೆ, ಇನ್ನೊಬ್ಬರಿಗೆ ಪೆಟ್ಟು ಬೀಳಿಸಿದವನು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಅಂದು ನಾನು ಹೇಳಿದ್ದು ಇಷ್ಟೆ: “ತಮ್ಮಾ, ಅರ್ಜಿ ಒಂದು ತಿಂಗಳು ಹಾಗೇ ಇರಲಿ. ಮೊದಲು ಹೋಗಿ ಕಣ್ಣಾರೆ ನೋಡಿ ಬರೋಣ.”

ಸುದ್ದಿ ಹಬ್ಬಿ, ಬರುವವರ ಸಂಖ್ಯೆ ಹದಿನೆಂಟಕ್ಕೆ ಏರಿತು. ಅವರಲ್ಲಿ ಸ್ವಸಹಾಯ ಸಂಘದ ನಾಲ್ವರು ಹೆಣ್ಣುಮಕ್ಕಳೂ ಇದ್ದರು. ಅಷ್ಟು ದೂರ ಹೋಗುವುದಾದರೆ ಹಂಪೆಯನ್ನೂ ತೋರಿಸಬೇಕೆಂದು ಅವರೇ ಪಟ್ಟು ಹಿಡಿದರು. ವಿರೂಪಾಕ್ಷನ ದರ್ಶನ ಅವರ ಉದ್ದೇಶ. ಕೊನೆಗೆ ಆ ಪಟ್ಟಿನಿಂದಲೇ ನಮಗೆಲ್ಲ ಹೆಚ್ಚು ಲಾಭವಾಯಿತು.

ಹಾದಿಯಲ್ಲಿ

ಬೆಳಗಿನ ನಾಲ್ಕೂವರೆಗೆ ಶಂಭುಲಿಂಗನ ಗುಡಿಯ ಹತ್ತಿರ ಎಲ್ಲರೂ ಸೇರಿದೆವು. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯನ್ನು ನಾವು ದಿನವೂ ನೋಡುತ್ತೇವೆ; ದಿನವೂ ನೋಡುವುದರಿಂದಲೇ ಏನೋ, ನೋಡುವುದನ್ನೇ ಮರೆತಿದ್ದೇವೆ. ಬುತ್ತಿ ಗಂಟುಗಳಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಮಿನಿ ಬಸ್ಸು ಹುಬ್ಬಳ್ಳಿ ದಾಟಿ ಅಣ್ಣಿಗೇರಿಗೆ ಬರುವಾಗ ಮೂಡಣ ಕೆಂಪೇರಿತ್ತು. ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಎರೆ ನೆಲ. ಕಡಲೆ ಕಿತ್ತ ಹೊಲಗಳು ಬಿರುಕು ಬಿಟ್ಟಿದ್ದವು. ಅಲ್ಲಲ್ಲಿ ಕೃಷಿ ಹೊಂಡಗಳು. ಹೆಚ್ಚಿನವುಗಳ ತಳದಲ್ಲಿ ಮೊಣಕಾಲುದ್ದ ನೀರು, ಕೆಲವದರಲ್ಲಿ ಬರೀ ಹೂಳು.

ಗದಗ ದಾಟಿ ಲಕ್ಕುಂಡಿಯ ಮುಂದೆ ಹಾಯುವಾಗ ಹಿರಿಯರೊಬ್ಬರು, “ಇದೂ ಒಂದ ಕಾಲಕ್ಕ ರಾಜಧಾನಿಯಂಗ ಮೆರದ ಊರ್ರೀ, ಇಲ್ಲೇ ಟಂಕಸಾಲಿ ಇತ್ತಂತ” ಎಂದರು. ಮಾತು ಸರಿಯೇ. ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿಯಲ್ಲಿ ನಾಣ್ಯ ಅಚ್ಚಾಗುತ್ತಿತ್ತು. ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು ಅದು. ಇಂದು ಅಲ್ಲಿ ಉಳಿದವು ಗುಡಿಗಳು ಮತ್ತು ಮೆಟ್ಟಿಲ ಬಾವಿಗಳು.

ಕೊಪ್ಪಳದ ಮೇಲೆ ಹೊಸಪೇಟೆ ಸಮೀಪಿಸುವಾಗ ತುಂಗಭದ್ರಾ ಜಲಾಶಯ ಕಾಣಿಸಿತು. 2024ರ ಆಗಸ್ಟ್ 10ರ ರಾತ್ರಿ ಅದರ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು, ಅಪಾರ ನೀರು ನದಿಯ ಪಾಲಾದದ್ದು ಎಲ್ಲರ ನೆನಪಿನಲ್ಲಿತ್ತು. ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದ ಎಂಜಿನಿಯರರ ಹಾಗೂ ಕೆಲಸಗಾರರ ಸಾಹಸವೂ ನೆನಪಿತ್ತು. “ಆಣೆಕಟ್ಟು ಗಟ್ಟಿ ಇದ್ರೂ ಸರಪಳಿ ಸವದ್ರ ಮುಗೀತಲ್ರೀ” ಎಂದು ಒಬ್ಬರು ಅಂದದ್ದು ದಿನವಿಡೀ ನನ್ನ ಕಿವಿಯಲ್ಲಿತ್ತು.

ಹಣಕ್ಕೆ ಮೂರು ಗೊಂಚಲು

ಒಂಬತ್ತಕ್ಕೆ ಹಂಪೆ. ವಿರೂಪಾಕ್ಷನ ದರ್ಶನ ಮುಗಿಸಿ, ಹೇಮಕೂಟ ಏರಿ ಇಳಿದು, ಕೃಷ್ಣ ಗುಡಿಯ ಮುಂದಿನ ಹಳೆಯ ಬಜಾರಿನ ಸಾಲಿನಲ್ಲಿ ನೆರಳಿಗೆ ಕುಳಿತೆವು. ಕಲ್ಲಿನ ಕಂಬಗಳು ನಿಂತಿವೆ, ಅಂಗಡಿಗಳಿಲ್ಲ. ಅಲ್ಲಿ ನಾನು ಗೆಳೆಯರಿಗೆ ಒಂದು ಸಂಗತಿ ಹೇಳಿದೆ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪಾಯಸ್ ಎಂಬ ಪೋರ್ತುಗೀಜ ಈ ಪಟ್ಟಣಕ್ಕೆ ಬಂದಿದ್ದ. ಪೇಟೆಯಲ್ಲಿ ಏನೇನು ಮಾರುತ್ತಿದ್ದರು, ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ನಮ್ಮ ಎಪಿಎಂಸಿ ಧಾರಣೆಯ ಹಾಗೆ ಬರೆದಿಟ್ಟಿದ್ದಾನೆ. ಅದರಲ್ಲಿ ದ್ರಾಕ್ಷಿಯೂ ಇದೆ. ಒಂದು ಹಣಕ್ಕೆ ಹತ್ತು ದಾಳಿಂಬೆ, ಮೂರು ಗೊಂಚಲು ದ್ರಾಕ್ಷಿ. ‘ಹಣ’ ಎಂದರೆ ಆಗಿನ ಒಂದು ಚಿಕ್ಕ ಚಿನ್ನದ ನಾಣ್ಯ.

“ಅಂದ್ರ ಐನೂರು ವರ್ಷದ ಹಿಂದನೂ ನಮ್ಮ ಸೀಮ್ಯಾಗ ದ್ರಾಕ್ಷಿ ಇತ್ತು!” ತರುಣನ ಮುಖ ಅರಳಿತು.

ಇತ್ತು, ನಿಜ. ಆದರೆ ಚಿನ್ನದ ನಾಣ್ಯಕ್ಕೆ ಮೂರು ಗೊಂಚಲು ಕೊಳ್ಳುತ್ತಿದ್ದವರು ಯಾರು? ಹಳ್ಳಿಯ ಒಕ್ಕಲಿಗನಲ್ಲ. ಅರಮನೆಯವರು, ದಂಡನಾಯಕರು, ಕುದುರೆ ವ್ಯಾಪಾರಿಗಳು. ಅಂಥವರು ತುಂಬಿದ ಪಟ್ಟಣ ಹತ್ತಿರವಿದ್ದುದರಿಂದ ಆ ಬೆಲೆ ಇತ್ತು. 1565ರಲ್ಲಿ ರಕ್ಕಸ–ತಂಗಡಿಯ ಯುದ್ಧವಾಯಿತು. ಪಟ್ಟಣ ಸುಲಿಗೆಯಾಗಿ ಹಾಳು ಬಿತ್ತು. ಆ ವರ್ಷ ದ್ರಾಕ್ಷಿ ತೂಗಿಕೊಂಡು ಬಂದ ರೈತ ಈ ಬಜಾರಿನಲ್ಲಿ ಯಾರ ಮುಂದೆ ಬುಟ್ಟಿ ಇಳಿಸಿದ? ಜೋಳ ಬೆಳೆದವನು ತನ್ನ ಹಗೇವಿನಲ್ಲಿ ತುಂಬಿಟ್ಟು ಉಣ್ಣಬಹುದಿತ್ತು. ದ್ರಾಕ್ಷಿ ಬೆಳೆದವನಿಗೆ ಆ ದಾರಿ ಇರಲಿಲ್ಲ.

ಹಿರಿಯರೊಬ್ಬರು ತಲೆಯಾಡಿಸಿದರು. ತರುಣ ಸುಮ್ಮನೆ ಕಂಬಗಳ ಸಾಲು ನೋಡುತ್ತ ಕುಳಿತ.

ಅರಮನೆ ಬಿತ್ತು, ಕಾಲುವೆ ಉಳಿಯಿತು

ಬಜಾರಿನ ಆ ಕಡೆ ತಗ್ಗಿನಲ್ಲಿ ದಟ್ಟ ಬಾಳೆ ತೋಟಗಳಿವೆ. ಬಂಡೆಗಲ್ಲಿನ ಗುಡ್ಡಗಳ ನಡುವೆ, ಫೆಬ್ರುವರಿಯ ಬಿಸಿಲಿನಲ್ಲಿ, ಅಷ್ಟು ಹಸಿರು ಎಲ್ಲಿಂದ ಬಂತು? ಎಲ್ಲರೂ ಎದ್ದು ಹೋಗಿ ನೋಡಿದೆವು. ಕಲ್ಲು ಬಂಡೆಗಳ ಮಗ್ಗುಲಲ್ಲಿ ತಿರುವು ತೆಗೆದುಕೊಂಡು ಒಂದು ಕಾಲುವೆ ಹರಿಯುತ್ತಿತ್ತು. ಅದು ತುರ್ತಾ ಕಾಲುವೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಗಟ್ಟು ಹಾಕಿ ತಿರುಗಿಸಿದ ನೀರು. ನೆಲದ ಇಳುಕಲನ್ನೇ ನಂಬಿ ತೆಗೆದ ಕಾಲುವೆ, ಪಂಪಿಲ್ಲ, ವಿದ್ಯುತ್ತಿಲ್ಲ. ಇಂದಿಗೂ ಬಾಳೆ, ಭತ್ತ, ಕಬ್ಬಿಗೆ ನೀರುಣಿಸುತ್ತಿದೆ.

ಅಲ್ಲಿಂದ ಅರಮನೆಯ ಪ್ರಾಂಗಣಕ್ಕೆ ಹೋದೆವು. ಮಹಾನವಮಿ ದಿಬ್ಬದ ಮಗ್ಗುಲಲ್ಲಿ, ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಸಾಲಾಗಿ ಜೋಡಿಸಿ ನೀರು ಹಾಯಿಸುತ್ತಿದ್ದ ವ್ಯವಸ್ಥೆ ಇದೆ. 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲ ಪುಷ್ಕರಣಿಯೂ ಅಲ್ಲೇ. ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂದು ಶಿಲ್ಪಿಗಳು ಕೊರೆದ ಗುರುತುಗಳು ಇನ್ನೂ ಕಾಣುತ್ತವೆ. ಲೆಕ್ಕವಿಲ್ಲದೆ ಅವರು ಒಂದು ಕಲ್ಲನ್ನೂ ಇಟ್ಟಿಲ್ಲ.

ಅರಮನೆ ಮಾತ್ರ ಬರೀ ತಳಪಾಯ. ದಿಬ್ಬದ ಮೇಲೆ ನಿಂತು ಸುತ್ತ ನೋಡಿದರೆ, ರಾಜನು ಕಣ್ಣಿಗೆ ಅಂದವಾಗಿ ಕಟ್ಟಿಸಿಕೊಂಡದ್ದು ಹೆಚ್ಚಾಗಿ ನೆಲ ಕಚ್ಚಿದೆ. ಒಕ್ಕಲುತನಕ್ಕಾಗಿ ತೆಗೆಸಿದ ಕಾಲುವೆ ಹರಿಯುತ್ತಿದೆ. ಕಾರಣ ದೊಡ್ಡದೇನಲ್ಲ. ಅರಮನೆಯ ಗರಜು ಒಂದು ಮನೆತನಕ್ಕೆ. ಕಾಲುವೆಯ ಗರಜು ಅದರ ಕೆಳಗಿನ ಪ್ರತಿಯೊಂದು ಹೊಲಕ್ಕೆ. ರಾಜ ಹೋದ ಮೇಲೂ ಹೂಳು ತೆಗೆಯುವ ಕೈಗಳು ಇದ್ದವು. ಆ ಕೈಗಳು ನಿಂತ ಕಡೆ ಅದೇ ಕಾಲದ ಎಷ್ಟೋ ಕೆರೆ, ಕಾಲುವೆಗಳು ಮುಚ್ಚಿಹೋಗಿವೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹೊಸಪೇಟೆಯ ಬಳಿ ಕೃಷ್ಣದೇವರಾಯ ಒಂದು ದೊಡ್ಡ ಕೆರೆ ಕಟ್ಟಿಸಿದ. ಕಟ್ಟುವಾಗ ಒಡ್ಡು ಎರಡು ಮೂರು ಬಾರಿ ಒಡೆಯಿತೆಂದು ಪಾಯಸ್ ಬರೆಯುತ್ತಾನೆ. ಕೆರೆ ನಿಂತ ಮೇಲೆ ಅದರ ನೀರಾವರಿಯ ಭೂಮಿಯನ್ನು, ಒಕ್ಕಲಿಗರು ಹದ ಮಾಡಿಕೊಳ್ಳಲಿ ಎಂದು, ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟನೆಂದು 1535ರ ಸುಮಾರಿಗೆ ಬಂದಿದ್ದ ನೂನಿಜ್ ಎಂಬ ಇನ್ನೊಬ್ಬ ಪೋರ್ತುಗೀಜ ಹೇಳುತ್ತಾನೆ. ನೀರು ಬಂದ ಮರುವರ್ಷವೇ ಹೊಲ ಫಲ ಕೊಡುವುದಿಲ್ಲ, ನೆಲ ಪಳಗಲು ಕಾಲ ಬೇಕು ಎಂಬುದು ಆ ಅರಸನಿಗೆ ತಿಳಿದಿತ್ತು. ಇಂದು ನಮ್ಮ ಸಾಲದ ಕಂತು ಒಂಬತ್ತು ವರ್ಷ ಕಾಯುವುದಿಲ್ಲ. ಹೊಸ ಬೆಳೆಗೆ ಕೈ ಹಾಕುವವನು ಇದನ್ನು ಮೊದಲು ನೆನೆಯಬೇಕು.

ದ್ರಾಕ್ಷಿ ತೋಟದಲ್ಲಿ

ಬುತ್ತಿ ಬಿಚ್ಚಿ ಉಂಡು, ಕುಷ್ಟಗಿ ಹಾದಿ ಹಿಡಿದೆವು. ಕುಷ್ಟಗಿ ತಾಲೂಕಿನ ಹನುಮನಾಳ ಸೀಮೆಯಲ್ಲಿ ಕ್ರಿಸ್ಮಾ ಎಸ್ಟೇಟ್ಸ್ ಎಂಬ ದ್ರಾಕ್ಷಿ ತೋಟವಿದೆ. ಹೈದರಾಬಾದಿನ ಉದ್ಯಮಿಗಳಾದ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಒಂದೂವರೆ ದಶಕದ ಹಿಂದೆ ಕಟ್ಟಿದ್ದು. ಗುಡ್ಡದ ಇಳಿಜಾರು, ಕಲ್ಲು ಬೆರೆತ ನೆಲ. ಅಲ್ಲಿ ಬೆಳೆಯುವುದು ನಾವು ತಿನ್ನುವ ದ್ರಾಕ್ಷಿಯಲ್ಲ. ಕಾಬರ್ನೆ ಸವಿನ್ಯೋ, ಸಾಂಜೊವೇಸೆ ಮೊದಲಾದ ಯುರೋಪಿನ ವೈನ್ ತಳಿಗಳು.

ವೈನ್ ದ್ರಾಕ್ಷಿ ನಮ್ಮ ರಾಜ್ಯಕ್ಕೆ ತೀರ ಹೊಸದಲ್ಲ. ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬದವರು 1980ರ ದಶಕದ ಕೊನೆಗೇ ಫ್ರಾನ್ಸಿನ ತಳಿಗಳನ್ನು ನೆಟ್ಟರು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯೂ ಇದರ ಮಾತು ಹೆಚ್ಚಿತು.

ತೋಟದ ಸಾಲುಗಳ ನಡುವೆ ನಿಂತು ನಮ್ಮ ರೈತರು ಹುಬ್ಬೇರಿಸಿದ್ದು ಗೊಂಚಲುಗಳನ್ನು ನೋಡಿ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬಳ್ಳಿಗೆ ಗೊಂಚಲು ಕಡಿಮೆ. ವಿಜಯಪುರದ ತಿನ್ನುವ ದ್ರಾಕ್ಷಿಯಲ್ಲಿ ಎಕರೆಗೆ 10–12 ಟನ್ ತೆಗೆಯುವವರಿದ್ದಾರೆ. ವೈನ್ ದ್ರಾಕ್ಷಿಯಲ್ಲಿ ಒಳ್ಳೆಯ ಗುಣ ಬೇಕೆಂದರೆ 4–6 ಟನ್ನಿಗೆ ನಿಲ್ಲಿಸಬೇಕು. ಹೆಚ್ಚಾದ ಗೊಂಚಲನ್ನು ಎಳೆಯದಿರುವಾಗಲೇ ಕತ್ತರಿಸಿ ಚೆಲ್ಲುತ್ತಾರೆ. ಇದನ್ನು ಕೇಳಿ ಸಂಘದ ಅಕ್ಕನೊಬ್ಬಳು, “ಅಯ್ಯ ಶಿವನ, ಬಂದ ಫಲ ತಾವ ಕಡದ ಒಗೀತಾರಾ?” ಎಂದು ಗಲ್ಲದ ಮೇಲೆ ಕೈಯಿಟ್ಟಳು. ಬಳ್ಳಿಯ ಬಲ ಕೆಲವೇ ಗೊಂಚಲಿಗೆ ಹೋದರೆ ಅದರಲ್ಲಿ ಸಕ್ಕರೆ, ಬಣ್ಣ, ವಾಸನೆ ಕೂಡುತ್ತವೆ ಎಂಬುದು ಇದರ ಗುಟ್ಟು.

ಬಳ್ಳಿಯ ಕತ್ತರಿಕೆಯ ಕ್ರಮ ನಮ್ಮ ದಖ್ಖಣದಲ್ಲಿ ಯುರೋಪಿನಂತಲ್ಲ. ಯುರೋಪಿನ ಚಳಿಯಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವರ್ಷಕ್ಕೆ ಒಂದು ಕತ್ತರಿಕೆ ಸಾಕು. ನಮ್ಮಲ್ಲಿ ಬಳ್ಳಿಗೆ ನಿದ್ದೆಯಿಲ್ಲ. ಆದ್ದರಿಂದ ಏಪ್ರಿಲ್ ಸುಮಾರಿಗೆ ಒಮ್ಮೆ ಕಡ್ಡಿ ಕಟ್ಟಿಕೊಳ್ಳಲು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ ಹಣ್ಣಿಗಾಗಿ ಕತ್ತರಿಸಬೇಕು. ಎರಡು ಕತ್ತರಿಕೆ, ಒಂದು ಫಸಲು. ಎರಡನೆಯ ಕತ್ತರಿಕೆಯ ಮೇಲೆ ಚಿಗುರು, ಹೂವು ಇರುವಾಗ ಹಿಂಗಾರು ಮಳೆ ಹಿಡಿದರೆ ಬೂಜು ತುಪ್ಪಟ ರೋಗ ಒಂದು ವಾರದಲ್ಲಿ ತೋಟ ತಿನ್ನಬಲ್ಲದು. ಬೂದಿ ರೋಗ, ಚಿಬ್ಬು ರೋಗ ಬೇರೆ. ದ್ರಾಕ್ಷಿ ರೈತ ಆಕಾಶ ನೋಡಿಕೊಂಡೇ ಮಲಗುತ್ತಾನೆ.

ರಸ ವೈನಾಗುವ ಬಗೆ

ಹಣ್ಣು ಕೀಳುವುದು ತಂಪು ಹೊತ್ತಿನಲ್ಲಿ. ಕೀಳುವ ಮುನ್ನ ಒಂದು ಹನಿ ರಸವನ್ನು ಚಿಕ್ಕ ದುರ್ಬೀನಿನಂಥ ಸಾಧನಕ್ಕೆ ಹಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಅದರಲ್ಲಿ ಸಕ್ಕರೆಯ ಅಳತೆ ಕಾಣುತ್ತದೆ. ಇದಕ್ಕೆ ಬ್ರಿಕ್ಸ್ ಎನ್ನುತ್ತಾರೆ. 22ರಿಂದ 24 ಬ್ರಿಕ್ಸ್ ಬಂದರೆ ಹಣ್ಣು ತಯಾರು.

ಗೊಂಚಲಿನಿಂದ ಕಾಳು ಬಿಡಿಸಿ, ಲಘುವಾಗಿ ಒಡೆದು ಉಕ್ಕಿನ ತೊಟ್ಟಿಗೆ ತುಂಬುತ್ತಾರೆ. ಕೆಂಪು ವೈನಾದರೆ ಸಿಪ್ಪೆಯ ಸಮೇತ, ಬಿಳಿಯದಾದರೆ ಬರೀ ರಸ. ಕೆಂಪು ಬಣ್ಣ ಇರುವುದು ಸಿಪ್ಪೆಯಲ್ಲಿ. ಬಹಳಷ್ಟು ಕಪ್ಪು ದ್ರಾಕ್ಷಿಗಳ ರಸ ಹಿಂಡಿದರೆ ಬಣ್ಣವೇ ಇಲ್ಲ. ಬಳಿಕ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲ ಮಾಡುತ್ತದೆ. ದೋಸೆ ಹಿಟ್ಟು ಹುಳಿಬಂದು ಉಬ್ಬುವುದೂ ಇಂಥ ಜೀವಿಗಳ ಕೆಲಸವೇ. ಕೆಂಪಿಗೆ 24–28 ಡಿಗ್ರಿ, ಬಿಳಿಗೆ 14–18 ಡಿಗ್ರಿ ಉಷ್ಣತೆ ಕಾಯಬೇಕು. ನಮ್ಮ ಬಿಸಿಲಿನಲ್ಲಿ ತೊಟ್ಟಿಗಳನ್ನು ತಂಪಾಗಿಡುವ ಯಂತ್ರಕ್ಕೇ ದೊಡ್ಡ ಖರ್ಚು. ಹುದುಗು ಮುಗಿದ ಮೇಲೆ ಹಿಂಡಿ, ತಿಳಿ ತೆಗೆದು, ಕೆಲವನ್ನು ಓಕ್ ಕಟ್ಟಿಗೆಯ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಬಾಟಲಿಗೆ ತುಂಬುತ್ತಾರೆ. ಒಂದು ಟನ್ ಹಣ್ಣಿಗೆ ಸುಮಾರು 600ರಿಂದ 700 ಲೀಟರ್.

ಸಂಘದ ನಾಲ್ವರು ಹೆಣ್ಣುಮಕ್ಕಳಲ್ಲಿ ಇಬ್ಬರು ಒಳಗೆ ಬರಲಿಲ್ಲ. ಬೇವಿನ ನೆರಳಿನಲ್ಲಿ ಕುಳಿತರು. “ನಮ್ಮೂರಾಗ ಸಾರಾಯಿ ಅಂಗಡಿ ಮುಚ್ಚಸಾಕ ನಾವು ಎಷ್ಟ ಅತ್ತೀವಿ ಅನ್ನೂದು ನಮಗ ಗೊತ್ತು ಸಾಹೇಬ್ರ. ಇದನ್ನ ನೋಡಾಕ ಮನಸ ಒಲ್ಲದು” ಎಂದರು. ನಾನು ಒತ್ತಾಯಿಸಲಿಲ್ಲ. ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದದ್ದು 2007ರ ಜುಲೈ 1ರಂದು; ವೈನ್ ನೀತಿ ಬಂದದ್ದೂ ಅದೇ ವರ್ಷ. ವೈನ್ ದ್ರಾಕ್ಷಿ ರೈತನಿಗೆ ಮಾರುಕಟ್ಟೆ ಎನ್ನುವುದು ಒಂದು ಮಾತು, ಕುಡಿತ ಮನೆ ಮುರಿಯುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜ. ಯಾವ ಬೆಳೆ ಬೆಳೆದರೆ ರಾತ್ರಿ ನಿದ್ದೆ ಬರುತ್ತದೆ ಎಂಬುದನ್ನು ಆಯಾ ಮನೆಯವರೇ ಕೂತು ನಿರ್ಧರಿಸಬೇಕು. ಆ ಮಾತಿನಲ್ಲಿ ಮನೆಯ ಹೆಣ್ಣುಮಕ್ಕಳೂ ಇರಬೇಕು.

ಒಂದೇ ಬಾಗಿಲಿನ ಮನೆ

ಹೊರಬಂದ ಮೇಲೆ ತರುಣ ಮುಖ್ಯ ಪ್ರಶ್ನೆ ಕೇಳಿದ: “ನಾವು ಬೆಳದ್ರ ಇಂಥವರು ತಗೋತಾರೇನ್ರೀ?”

ಇಲ್ಲಿಯೇ ಎಲ್ಲರೂ ಎಡವುವುದು. ಕ್ರಿಸ್ಮಾದಂಥ ಸಂಸ್ಥೆಗಳು ತಮ್ಮ ತೋಟದ ಹಣ್ಣಿನಿಂದಲೇ ವೈನ್ ಮಾಡುತ್ತವೆ. ಅದೇ ಅವುಗಳ ಹೆಗ್ಗಳಿಕೆ. ಆದ್ದರಿಂದ ಹತ್ತಿರದಲ್ಲಿ ಕಾರ್ಖಾನೆ ಇದೆ ಎಂದಮಾತ್ರಕ್ಕೆ ಹತ್ತಿರದಲ್ಲಿ ಗಿರಾಕಿ ಇದ್ದಾನೆ ಎಂದಲ್ಲ. ಬೇರೆ ರೈತರಿಂದ ಕೊಳ್ಳುವ ಘಟಕಗಳೂ ಇವೆ. ಆದರೆ ಅವು ಎಷ್ಟು ವರ್ಷಕ್ಕೆ, ಯಾವ ಬೆಲೆಗೆ, ಎಷ್ಟು ಬ್ರಿಕ್ಸಿಗೆ ಕೊಳ್ಳುತ್ತವೆ ಎಂಬುದು ಬರಹದಲ್ಲಿ ಇರಬೇಕು.

ಬರಹವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನೌಕರಿಯ ಆರಂಭದ ವರ್ಷಗಳಲ್ಲಿ ವಿಜಯಪುರ ಜಿಲ್ಲೆಯಲ್ಲಿದ್ದೆ. ವೈನ್ ದ್ರಾಕ್ಷಿಯ ಮಾತು ಆಗ ಎಲ್ಲೆಡೆ ಜೋರಾಗಿತ್ತು. ಒಬ್ಬ ರೈತರು ನನ್ನ ಮಾತು ನಂಬಿ ಎರಡು ಎಕರೆ ನೆಟ್ಟರು. ಕೊಳ್ಳುವವರು ಬಾಯಿಮಾತಿನ ಭರವಸೆ ಕೊಟ್ಟಿದ್ದರು. ಮೊದಲ ಫಸಲು ಕೊಂಡರು. ಅಷ್ಟರಲ್ಲಿ 2008–09ರ ಜಾಗತಿಕ ಹಿಂಜರಿತ ಬಂತು. ನಗರಗಳಲ್ಲಿ ವೈನ್ ಮಾರಾಟ ಕುಸಿದು, ತಯಾರಕರ ತೊಟ್ಟಿಗಳಲ್ಲಿ ಹಳೆಯ ಸರಕೇ ಉಳಿಯಿತು. ನಾಸಿಕದ ಕಡೆ ಎಷ್ಟೋ ರೈತರು ವೈನ್ ಬಳ್ಳಿ ಕಿತ್ತು ಹಾಕಿದ್ದು ಆ ವರ್ಷಗಳಲ್ಲೇ. ನಮ್ಮ ರೈತರ ಎರಡನೆಯ ಫಸಲಿಗೆ ಲಾರಿ ಬರಲಿಲ್ಲ. ತಿನ್ನಲು ಮಾರೋಣವೆಂದರೆ ಸಣ್ಣ ಕಾಳು, ಬೀಜ. ಪೇಟೆಯಲ್ಲಿ ಯಾರೂ ಮೂಸಲಿಲ್ಲ. ಒಣದ್ರಾಕ್ಷಿ ಮಾಡಲೂ ಬಾರದು. ಹಣ್ಣು ಬಳ್ಳಿಯಲ್ಲೇ ಕೊಳೆಯಿತು. ಮುಂದಿನ ಬೇಸಿಗೆಗೆ ಅವರು ಬಳ್ಳಿ ಕಡಿದರು. ಕಡಿಯುವಾಗ ನಾನು ಅಲ್ಲಿದ್ದೆ. ಅವರು ನನಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ, ಆಡಿದ್ದರೆ ಹಗುರಾಗುತ್ತಿತ್ತು.

ಅವರು ಬಳಿಕ ಬೀಜವಿಲ್ಲದ ತಳಿ ನೆಟ್ಟು ಚೇತರಿಸಿಕೊಂಡರು. ಇಂದಿಗೂ ಪ್ರತಿ ವರ್ಷ ನನಗೆ ಒಂದು ಪೊಟ್ಟಣ ಒಣದ್ರಾಕ್ಷಿ ಕಳಿಸುತ್ತಾರೆ. ಅಂದಿನ ಬುತ್ತಿಯಲ್ಲಿ ಅದೂ ಇತ್ತು. ಎಲ್ಲರಿಗೂ ಹಂಚಿ, ಈ ಕಥೆ ಹೇಳಿದೆ. ವಿಜಯಪುರದ ಬೀಜರಹಿತ ದ್ರಾಕ್ಷಿಗೆ ಎರಡು ಬಾಗಿಲು: ತಾಜಾ ಹಣ್ಣು, ಇಲ್ಲದಿದ್ದರೆ ಒಣದ್ರಾಕ್ಷಿ. ವೈನ್ ದ್ರಾಕ್ಷಿಗೆ ಒಂದೇ ಬಾಗಿಲು. ಅದು ಮುಚ್ಚಿದರೆ ಒಳಗಿದ್ದವನಿಗೆ ದಾರಿಯಿಲ್ಲ.

ಹೊಂಡದ ಲೆಕ್ಕ

ಗಜೇಂದ್ರಗಡದ ಹಾದಿಯಲ್ಲಿ ಚಹಕ್ಕೆ ನಿಂತಾಗ ನೀರಿನ ಲೆಕ್ಕ ಮಾಡಿದೆವು. ತರುಣನ ಹೊಲದಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡವಿದೆ. ಬದುಗಳ ಇಳಿಜಾರು ಕಳೆದರೆ ತುಂಬಿದಾಗ ಹೆಚ್ಚೆಂದರೆ 9ರಿಂದ 10 ಲಕ್ಷ ಲೀಟರ್. ಕೊಳವೆಬಾವಿಯ ನೀರು ಸವಳು.

ದ್ರಾಕ್ಷಿಯನ್ನು 8 ಅಡಿಗೆ 4 ಅಡಿಯಂತೆ ಹಚ್ಚಿದರೆ ಎಕರೆಗೆ ಸುಮಾರು 1,360 ಬಳ್ಳಿ. ಹನಿ ನೀರಾವರಿಯಲ್ಲಿ ಬಳ್ಳಿಗೆ ದಿನಕ್ಕೆ 10 ಲೀಟರ್ ಹಿಡಿದರೂ ಒಂದು ಎಕರೆಗೆ ದಿನಕ್ಕೆ 13,600 ಲೀಟರ್. ಹೊಂಡದ 10 ಲಕ್ಷ ಲೀಟರ್ 73 ದಿನಕ್ಕೆ ಮುಗಿಯಿತು. ಬಿಸಿಲಿಗೆ ಆರುವ ನೀರು ಕಳೆದರೆ ಇನ್ನೂ ಕಡಿಮೆ. ಬೇಸಿಗೆ ಇರುವುದು ಅದಕ್ಕಿಂತ ಉದ್ದ, ಅವನ ಯೋಚನೆ ಇದ್ದದ್ದು ಎರಡು ಎಕರೆಗೆ.

ಅದೇ ನೀರನ್ನು ಮೆಣಸಿನಕಾಯಿಗೋ ಕಡಲೆಗೋ, ಮಳೆ ಕೈಕೊಟ್ಟಾಗ ಎರಡು ಅಂಗುಲದ ಒಂದು ಪಾಳಿ ಕೊಟ್ಟರೆ ಎಕರೆಗೆ ಸುಮಾರು 2 ಲಕ್ಷ ಲೀಟರ್ ಸಾಕು. ಆರಿದ್ದು ಕಳೆದರೂ ನಾಲ್ಕು ಎಕರೆ ಹಾಯುತ್ತದೆ. ಹೂವು ಕಾಯಿ ಕಟ್ಟುವ ಹೊತ್ತಿನ ಆ ಒಂದು ನೀರು ಬೆಳೆ ಉಳಿಸುತ್ತದೆ.

ಇನ್ನು ನೆಲ. ದ್ರಾಕ್ಷಿಯ ಬೇರಿಗೆ ನೀರು ಬಸಿದುಹೋಗುವ ನೆಲ ಬೇಕು. ನಮ್ಮ ಆಳವಾದ ಎರೆ ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಸವಳು ತಾಳುವ ಡಾಗ್‌ರಿಡ್ಜ್ ಎಂಬ ಬೇರುಗಿಡದ ಮೇಲೆ ಕಸಿ ಮಾಡಿ, ಏರುಮಡಿ ಮಾಡಿ, ಬಸಿಗಾಲುವೆ ತೆಗೆದು ಎರೆಯಲ್ಲೂ ಬೆಳೆಯುವವರಿದ್ದಾರೆ. ಆದರೆ ಅದಕ್ಕೆ ಖರ್ಚು, ಜಾಣತನ, ವರ್ಷವಿಡೀ ನೀರು ಬೇಕು. ಮಸಾರಿ ಭೂಮಿ, ಸಿಹಿನೀರು, ಲಿಖಿತ ಒಪ್ಪಂದ ಈ ಮೂರೂ ಇದ್ದವರು ಯೋಚಿಸಲಿ, ನಾನು ಬೇಡವೆನ್ನುವುದಿಲ್ಲ.

ನಾವು ತಂದದ್ದು

ಹಾಗಾದರೆ ಬರಿಗೈಲಿ ಬಂದೆವೇ? ಇಲ್ಲ. ಆ ತೋಟದಿಂದ ಬೆಳೆ ತರಲಿಲ್ಲ, ಒಂದು ಅಭ್ಯಾಸ ತಂದೆವು. ಅವರು ಅಳೆಯದೆ ಕೀಳುವುದಿಲ್ಲ, ಬೆರಸದೆ ಬೇರೆ ಬೇರೆ ಇಡುತ್ತಾರೆ, ಬರೆದಿಡುತ್ತಾರೆ. ಬಾಟಲಿಯ ಮೇಲೆ ನೆಲದ ಹೆಸರು ಹಾಕುತ್ತಾರೆ, ಆ ಹೆಸರಿಗೂ ಬೆಲೆ ಇದೆ.

ನಮ್ಮಲ್ಲಿಯೂ ಅಂಥ ಬೆಳೆ ಇದೆಯಲ್ಲ! ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ದ್ರಾಕ್ಷಿಗೆ ಸಕ್ಕರೆ ಅಳೆಯುವಂತೆ ಮೆಣಸಿನಕಾಯಿಗೆ ಬಣ್ಣ ಅಳೆಯುತ್ತಾರೆ. ಬಣ್ಣ ತೆಗೆಯುವ ಕಾರ್ಖಾನೆಗಳು ಅದಕ್ಕೇ ಬೆಲೆ ಕೊಡುತ್ತವೆ. ಆದರೆ ನಾವು ಏನು ಮಾಡುತ್ತೇವೆ? ಮೊದಲ ಕೊಯ್ಲು, ಕೊನೆಯ ಕೊಯ್ಲು ಒಂದೇ ಚೀಲಕ್ಕೆ ತುಂಬುತ್ತೇವೆ. ಬರಿ ನೆಲದ ಮೇಲೆ ಒಣಗಿಸುತ್ತೇವೆ. ಅರ್ಧ ಒಣಗಿದ್ದನ್ನು ಕಟ್ಟಿ, ಬೂಷ್ಟು ಬಂದ ಮೇಲೆ ಧಾರಣೆಯನ್ನು ಬೈಯುತ್ತೇವೆ.

ಆದ್ದರಿಂದ ರೈತ ಬಾಂಧವರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಹಂಗಾಮಿಗೆ ಮೆಣಸಿನಕಾಯಿಯನ್ನು ಕೊಯ್ಲಿನ ಪ್ರಕಾರ ಬೇರೆ ಬೇರೆ ಇಡಿರಿ. ತಾಡಪಾಲಿನ ಮೇಲೆ ತೆಳುವಾಗಿ ಹರಡಿ, ಪೂರ್ಣ ಒಣಗಿಸಿ, ರಾತ್ರಿ ಇಬ್ಬನಿಗೆ ಮುಚ್ಚಿರಿ. ಮಳೆಗಾಲದ ಮುಂಚೆ ಕೃಷಿ ಹೊಂಡದ ಹೂಳು ತೆಗೆಯಿರಿ, ನೀರು ಬರುವ ದಾರಿಗೆ ಹೂಳು ಗುಂಡಿ ತೋಡಿರಿ. ಯಾವುದೇ ಹೊಸ ಬೆಳೆಯ ಮಾತು ಬಂದಾಗ ಮೂರು ಪ್ರಶ್ನೆ ಕೇಳಿರಿ: ನೀರು ಎಷ್ಟು ದಿನ ಬರುತ್ತದೆ? ಕೊಳ್ಳುವವನು ಬರೆದುಕೊಟ್ಟಿದ್ದಾನೆಯೇ? ಅವನು ಬಾರದಿದ್ದರೆ ಇದಕ್ಕೆ ಎರಡನೆಯ ಬಾಗಿಲು ಇದೆಯೇ? ನಮ್ಮಂಥ ಅಧಿಕಾರಿಗಳು ಹೇಳಿದರೂ ಕೇಳಿರಿ. ಆಗಂತೂ ತಪ್ಪದೆ ಕೇಳಿರಿ.

ರಾತ್ರಿ ಹತ್ತರ ಸುಮಾರಿಗೆ ಕುಂದಗೋಳ ಮುಟ್ಟಿದೆವು. ತರುಣನ ತಂದೆ ಬಸ್ಸು ಕಾಯುತ್ತ ಗುಡಿಯ ಹತ್ತಿರ ಕುಳಿತಿದ್ದರು. “ಏನ ನೋಡಿ ಬಂದ್ಯೋ?” ಎಂದು ಮಗನನ್ನು ಕೇಳಿದರು.

“ಹಂಪ್ಯಾಗಿನ ಕಾಲುವಿ ನೋಡಿ ಬಂದೆ ಅಪ್ಪಾ” ಎಂದ. ದ್ರಾಕ್ಷಿಯ ಮಾತು ಎತ್ತಲಿಲ್ಲ.

ಅರ್ಜಿಯನ್ನು ಅವನು ಹರಿದು ಹಾಕಿಲ್ಲ. ಹರಿಯಬೇಕೆಂದು ನಾನೂ ಹೇಳಿಲ್ಲ. ಮುಂದಿನ ವಾರ ಮಣ್ಣು ಮತ್ತು ನೀರಿನ ಮಾದರಿ ಪರೀಕ್ಷೆಗೆ ತಂದುಕೊಟ್ಟ. ಏಪ್ರಿಲ್ ತಿಂಗಳಲ್ಲಿ ತಂದೆ ಮಗ ಕೂಡಿ ಹೊಂಡದ ಹೂಳು ಎತ್ತಿಸಿದರು. ಇಪ್ಪತ್ತಾರು ಟ್ರ್ಯಾಕ್ಟರ್ ಮಣ್ಣು ಬಂತು. ಅದನ್ನು ಹೊಲದ ಬಡ ಮಗ್ಗುಲಿಗೆ ಹರವಿದ್ದಾರೆ.